ನಿಶ್ಶಕ್ತ ಮಕ್ಕಳ ಕವಾಯತು

ಮಕ್ಕಳ ದಿನಾಚರಣೆಗೆ ಭಾಷಣ ಮಾಡಬೇಕಾಗಿದ್ದವರು ಬೇರೆ ಊರಿಗೆ ವರ್ಗವಾಗಿ ಹೋದದ್ದರಿಂದ ನಮ್ಮ ಕಾಲನಿಯ ಕನ್ನಡ ಸಂಘ ಆ ಕೆಲಸವನ್ನು ನಮ್ಮ ಮನೆಯವರಿಗೆ ಒಪ್ಪಿಸಿತು. ವಿಷಯ, ಮಕ್ಕಳ ವ್ಯಾಯಾಮಕ್ಕೆ ಪ್ರೋತ್ಸಾಹ. ನಮ್ಮ ಮನೆಯವರು, ಅಂದರೆ ಸ್ಟೋರ್ಸ್ ವಿಭಾಗದ ಹನುಮಂತರಾಯರು, ಹಾಲಿನ ಬೂತಿಗೂ ಸ್ಕೂಟರಿನ ಮೇಲೆ ಹೋಗುವವರು. ಬೂತು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅವರು ಸ್ಕೂಟರನ್ನು ಓರೆ ಮಾಡಿ, ಒದ್ದು, ಶುರು ಮಾಡುವಷ್ಟರಲ್ಲಿ ನಡೆದುಹೋದವರು ಹಾಲು ಹಿಡಿದು ವಾಪಸು ಬಂದಿರುತ್ತಿದ್ದರು. ಆದರೆ ಸಂಘದವರಿಗೆ ಅನುಭವಸ್ಥರು ಬೇಕಾಗಿರಲಿಲ್ಲ, ಇಲ್ಲ ಎನ್ನದವರು ಬೇಕಾಗಿತ್ತು.

ಇದು ಎಂಬತ್ತರ ದಶಕದ ಮಾತು. ಹೈದರಾಬಾದಿನಿಂದ ಪಟಾನ್‌ಚೆರುವಿಗೆ ಹೋಗುವ ರಸ್ತೆಯಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆ, ಅದರ ಬೆನ್ನಿಗೆ ಕಾಲನಿ, ಕಾಲನಿಯ ಕೊನೆಯ ಸಾಲಿನಲ್ಲಿ ಬೀದರ, ರಾಯಚೂರು, ಧಾರವಾಡಗಳಿಂದ ಬಂದ ನಮ್ಮಂಥವರ ಮನೆಗಳು. ಮನೆಗಳ ಮುಂದೆ ಒಂದು ಬಯಲಿತ್ತು. ಸಂಜೆ ಶಾಲೆಯ ಚೀಲ ಬಿಸಾಡಿ ಬಂದ ಮಕ್ಕಳು ಅಲ್ಲಿ ದೀಪ ಹಚ್ಚುವವರೆಗೂ ಖೋ ಖೋ ಆಡುತ್ತಿದ್ದರು. ನಮ್ಮ ಮಗಳು ನಲಿನಿಗೆ ಆಗ ಹತ್ತು ವರ್ಷ. ಅವಳನ್ನು ಮುಟ್ಟಿ ಔಟ್ ಮಾಡಿದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಪಟಾನ್‌ಚೆರುವಿನಲ್ಲಿ ಕಾರ್ಖಾನೆಗಳ ಮಕ್ಕಳಿಗೆಲ್ಲ ಪಂದ್ಯಾಟವಿತ್ತು, ನಮ್ಮ ತಂಡಕ್ಕೆ ಅವಳೇ ನಾಯಕಿ. ಆ ವರ್ಷ ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ. ದೀಪಾವಳಿಗೆ ಹೊಸ ಲಂಗ ಬೇಡವೆಂದು ಆಡುವ ಬೂಟು ಕೊಡಿಸಿಕೊಂಡಿದ್ದಳು. ಬಟ್ಟೆ ಒಣಹಾಕುವ ಕಂಬಗಳ ನಡುವೆ ನುಸುಳಿ ನುಸುಳಿ ಓಡಿ, ನನ್ನ ಎರಡು ಸೀರೆಗಳನ್ನು ಮಣ್ಣುಪಾಲು ಮಾಡಿದ್ದಳು.

ಆ ಮಕ್ಕಳ ಗದ್ದಲದಲ್ಲಿ ವ್ಯಾಯಾಮದ ಬಗ್ಗೆ ಯೋಚಿಸಲಾಗುತ್ತಿಲ್ಲವೆಂದು ನಮ್ಮವರು ಮೊದಲು ಕಿಟಕಿ ಮುಚ್ಚಿದರು. ಆಮೇಲೆ, ಭಾಷಣಕ್ಕೆ ಆಧಾರ ಬೇಕು, ಮನೆಮನೆಗೆ ಹೋಗಿ ಮಕ್ಕಳ ಆರೋಗ್ಯವನ್ನು ಖುದ್ದಾಗಿ ಪರಿಶೀಲಿಸುತ್ತೇನೆ ಎಂದು ಹೊರಟರು. ಸ್ಟೋರ್ಸ್ ವಿಭಾಗದ ಪರಿಶೀಲನೆ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಒಳಗೆ ಏನಿದೆಯೆಂದು ಗೋದಾಮಿನವನನ್ನೇ ಕೇಳಿ, ಅವನು ಹೇಳಿದ್ದನ್ನು ನಂಬಿ, ಚಹಾ ಕುಡಿದು ಬರುವುದು. ಒಳಗೆ ಇಣುಕುವುದು ಗೋದಾಮಿನವನಿಗೆ ಮಾಡಿದ ಅವಮಾನವೆಂದು ಅವರ ವಿಭಾಗದಲ್ಲಿ ಭಾವನೆಯಿದೆ. ಮಕ್ಕಳ ವಿಷಯದಲ್ಲಿಯೂ ಅವರು ಅದೇ ಸೌಜನ್ಯವನ್ನು ಪಾಲಿಸಿದರು. ಮಕ್ಕಳನ್ನು ನೋಡಲಿಲ್ಲ, ಮನೆಯ ಹಿರಿಯ ಹೆಂಗಸರನ್ನು ಕೇಳಿದರು.

ಮೊದಲು ಪಕ್ಕದ ಮನೆಯ ಸಾವಿತ್ರಿಬಾಯಿ, ರಾಘವೇಂದ್ರನ ಅಜ್ಜಿ. ನಾನೂ ಅರಿಶಿನ ಕುಂಕುಮಕ್ಕೆಂದು ಅಲ್ಲೇ ಇದ್ದೆ.

"ಏನ್ ಹೇಳ್ಲಿ ರಾಯರ, ನಮ್ಮ ರಾಘವೇಂದ್ರಗ ಹೊಟ್ಟಿಗೆ ಏನೂ ಹೋಗೂದಿಲ್ಲ. ಒಂದು ತುತ್ತು ಅನ್ನ, ಅರ್ಧ ಲೋಟ ಮಜ್ಜಿಗಿ. ಸಣ್ಣ ಆಗಿ ಆಗಿ ಈಗ ನೆರಳಷ್ಟ ಉಳದದ."

ಆ ನೆರಳು ಅವರ ಬೆನ್ನ ಹಿಂದೆ ಕಿಟಕಿಯ ಸರಳುಗಳಿಗೆ ಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತ ಥಾಲಿಪೆಟ್ಟು ತಿನ್ನುತ್ತಿತ್ತು. ನಮ್ಮವರು ಚ್ ಚ್ ಎಂದು ಮರುಗಿ ಮುಂದಿನ ಮನೆಗೆ ಹೋದರು.

ಮುಂದಿನದು ಸಂಘದ ಅಧ್ಯಕ್ಷ ಗುರುಸಿದ್ದಪ್ಪನವರ ಮನೆ. ಅವರ ಮಗ ಚನ್ನಬಸಪ್ಪ ಸ್ಕೂಟರಿನ ಹಿಂದೆ ಕೂತರೆ ಮುಂದಿನ ಚಕ್ರ ನೆಲ ಬಿಡುತ್ತಿತ್ತು. ಅವನ ತಾಯಿ ಶಿವದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಗಾಳಿ ಬೀಸಿದ್ರ ಹಾರಿ ಹೋಗ್ತಾನೇನೋ ಅಂತ ಜೀವ ಹೊಡಕೊಳ್ಳಾಕತ್ತೈತ್ರಿ ಅಣ್ಣಾರ" ಎಂದರು. ನಮ್ಮವರು ಅದನ್ನೂ ನಂಬಿದರು.

ಕೊನೆಗೆ ನಮ್ಮ ಮನೆ. ಕೇಳಿದ್ದು ತಮ್ಮ ಸ್ವಂತ ತಾಯಿಯನ್ನು, ಕೇಳಿದ್ದು ತಮ್ಮ ಸ್ವಂತ ಮಗಳ ವಿಷಯ.

"ಅವ್ವಾ, ನಲಿನಿ ಹ್ಯಾಂಗಿದ್ದಾಳ?"

ನಮ್ಮ ಅತ್ತೆ ಅಂಬುಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನಿಟ್ಟುಸಿರು ಬಿಟ್ಟರು. "ಹ್ಯಾಂಗಿರ್ತಾಳಪಾ, ಇದ್ದಾಳ ಏನೋ. ಕಡ್ಡಿ ಆಗ್ಯಾಳ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತದ ಕೂಸಿಗೆ."

ಆ ಕೂಸು ಅದೇ ಹೊತ್ತಿಗೆ ಹಿತ್ತಲ ಗೋಡೆ ಹಾರಿ ಬಂದು, ಒಂದು ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದು, ಮತ್ತೆ ಗೋಡೆ ಹಾರಿ ಹೋಯಿತು. ನಮ್ಮವರು ನನ್ನ ಕಡೆ ತಿರುಗಿ, "ಹಿತ್ತಲ ಬಾಗಲಾ ಹಾಕು, ಗಾಳಿ ಜೋರದ" ಎಂದರು.

ನಮ್ಮ ಕಡೆ ಮಗು ಗಟ್ಟಿಮುಟ್ಟಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನದರಾಗುತ್ತದೆ, ಕೆಟ್ಟ ಕಣ್ಣು ತಾಗುತ್ತದೆ. ಕೇಳಿದವರಿಗೆ ಮಗು ಸೊರಗಿದೆ ಎಂದೇ ಹೇಳಬೇಕು, ಕೇಳಿದವರು ಅದನ್ನು ನಂಬಬಾರದು. ಎರಡೂ ಕಡೆಯವರು ತಮ್ಮ ತಮ್ಮ ಭಾಗವನ್ನು ಸರಿಯಾಗಿ ಮಾಡಿದರೆ ಮಗು ಕ್ಷೇಮ. ಇದು ತಿಳಿಯದವರು ನಮ್ಮಲ್ಲಿ ಹುಟ್ಟುವುದಿಲ್ಲ. ಭಾಷಣ ಬರೆಯಲು ಕೂತ ಮೇಲೆ ಮರೆಯುವವರು ಹುಟ್ಟುತ್ತಾರೆ.

"ರೀ, ಅವರೆಲ್ಲಾ ನದರಾದೀತು ಅಂತ ಹಾಂಗ ಹೇಳ್ಯಾರ. ನಿಮಗ ಗೊತ್ತಿಲ್ಲೇನು?" ಎಂದು ನಾನು ಕೇಳಿದೆ.

"ಗೊತ್ತದ. ಆದರ ಅದು ಮನಿ ಮಾತು, ಇದು ಭಾಷಣ" ಎಂದರು.

ಭಾಷಣವೂ ಆಯಿತು. ಮುಖ್ಯ ಅತಿಥಿ ಕಾರ್ಖಾನೆಯ ಜಿ.ಎಂ. ಸಾಹೇಬರು. ಸೈನ್ಯದಿಂದ ಬಂದವರು, ಉತ್ತರದವರು, ಇಷ್ಟು ವಯಸ್ಸಾದರೂ ಬೆಳಿಗ್ಗೆ ಕಾಲನಿಯ ಸುತ್ತ ಓಡುವವರು. ಅವರಿಗಾಗಿ ನಮ್ಮವರು ಭಾಷಣದ ಉತ್ತರಾರ್ಧವನ್ನು ಇಂಗ್ಲಿಷಿನಲ್ಲಿ ಮಾಡಿದರು. ನಮ್ಮ ಸಾಲಿನಲ್ಲಿ ಆರೋಗ್ಯವಾಗಿರುವ ಒಂದು ಮಗುವೂ ಇಲ್ಲ, ಇದನ್ನು ತಾವು ಸ್ವತಃ ಮನೆಮನೆಗೆ ಹೋಗಿ ಪರಿಶೀಲಿಸಿದ್ದು, ಒಬ್ಬ ಹುಡುಗ ನೆರಳಾಗಿದ್ದಾನೆ, ಒಬ್ಬ ಹುಡುಗ ಗಾಳಿಗೆ ಹಾರುವಂತಿದ್ದಾನೆ, ತಮ್ಮ ಸ್ವಂತ ಮಗಳಿಗೆ ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟುತ್ತದೆ ಎಂದು ಗದ್ಗದರಾಗಿ ಹೇಳಿದರು. ಮಕ್ಕಳನ್ನೆಲ್ಲ ಬೆಳಗಿನಿಂದ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂಡಿಸಿದ್ದರಿಂದ ಅವರೂ ನಿಜಕ್ಕೂ ಮಂಕಾಗಿಯೇ ಕಾಣುತ್ತಿದ್ದರು. ಅಜ್ಜಿಯರ ಸಾಲಿನಲ್ಲಿ ಮಾತ್ರ ಪರಮ ತೃಪ್ತಿ. ಮೈಕಿನಲ್ಲಿ, ಸಾಹೇಬರ ಎದುರಿಗೆ, ಇಂಗ್ಲಿಷಿನಲ್ಲಿ ತಮ್ಮ ಮೊಮ್ಮಕ್ಕಳನ್ನು ನಿಶ್ಶಕ್ತರೆಂದು ಸಾರಿದ ಮೇಲೆ ಯಾವ ನದರು ತಾನೇ ತಾಗೀತು?

"ಛಲೋ ಮಾತಾಡ್ದ ನಮ್ಮ ಹಣಮಂತ" ಎಂದರು ಅತ್ತೆ. ಆ ಹೊತ್ತಿಗೆ ವೇದಿಕೆಯ ಮೇಲೆ ಜಿ.ಎಂ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಮಾರನೆಯ ದಿನ ವೆಲ್ಫೇರ್ ಆಫೀಸರ್ ಪ್ರಭಾಕರರಾವು ನಮ್ಮ ಮನೆಗೇ ಬಂದರು. ತೆಲುಗು, ಹಿಂದಿ, ತಮಗೆ ಬಂದಷ್ಟು ಕನ್ನಡ, ಮೂರನ್ನೂ ಕಲಸಿ ಮಾತಾಡುವ ಮನುಷ್ಯ.

"ಹನುಮಂತರಾಯ ಗಾರು, ಜಿ.ಎಂ. ಸಾಬ್ ರಾತ್ರಿ ಊಟ ಮಾಡಿಲ್ಲ ಅಂಡಿ. ಮೇರೆ ಕಾಲನಿ ಮೇ ಇತನೇ ಕಮಜೋರ್ ಬಚ್ಚೆ ಅಂತ ಚಾಲಾ ಬಾಧೆ ಪಟ್ಟಿದ್ದಾರೆ."

ತಮ್ಮ ಕಾಲನಿಯಲ್ಲಿ ಇಷ್ಟು ದುರ್ಬಲ ಮಕ್ಕಳೇ ಎಂಬ ಆ ಬಾಧೆಯಿಂದ ಹುಟ್ಟಿದ ಆಜ್ಞೆಗಳು ಹೀಗಿದ್ದವು. ಆ ಸಾಲಿನ ಮಕ್ಕಳು ಗಟ್ಟಿಯಾಗಿದ್ದಾರೆಂದು ಆಸ್ಪತ್ರೆ ಹೇಳುವವರೆಗೂ ಓಡುವ ಆಟಗಳನ್ನು ಆಡತಕ್ಕದ್ದಲ್ಲ. ಪಟಾನ್‌ಚೆರುವಿನ ಪಂದ್ಯಾಟಕ್ಕೆ ಅವರ ಬದಲು ಆಫೀಸರುಗಳ ಬಂಗಲೆಗಳ ಮಕ್ಕಳು ಹೋಗತಕ್ಕದ್ದು. ನಿಶ್ಶಕ್ತ ಮಕ್ಕಳಿಗೆ ದಿನವೂ ಮನೆಗೆ ಒಂದು ಮೊಟ್ಟೆ. ಮತ್ತು ಅವರಿಗೆ ಬೆಳಗಿನ ಹೊತ್ತು ಹಗುರವಾದ ಕವಾಯತು, ಅದರ ಮುಖ್ಯಸ್ಥರು ಹನುಮಂತರಾಯರು.

ಕೊನೆಯ ಆಜ್ಞೆಯನ್ನು ಕೇಳಿದ ನಮ್ಮವರಿಗೆ ಮೊದಲಿನವು ಮರೆತುಹೋದವು. ಹಿಂದಿನ ಸಂಜೆಯವರೆಗೆ ಗೋದಾಮಿನ ಬಾಗಿಲಲ್ಲಿ ಕೂತಿದ್ದ ಮನುಷ್ಯ ಈಗ ಮುಖ್ಯಸ್ಥ.

ಮೊಟ್ಟೆ ಬಂದಾಗ ನಮ್ಮ ಅತ್ತೆ ಮೂರು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆನಿಕೊಂಡರು. ಶಿವದೇವಿಯವರು ತಮ್ಮ ಮನೆಯ ಪಾಲನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತಂದಿಟ್ಟರು. ಸರ್ಕಾರದ ಮೊಟ್ಟೆಯನ್ನು ತಿಪ್ಪೆಗೆ ಎಸೆಯಲು ಧೈರ್ಯ ಸಾಲದೆ, ಸಾಲಿನ ಎಲ್ಲ ಮನೆಗಳವರೂ ಅವನ್ನು ಗೇಟಿನ ವಾಚ್‌ಮನ್ ತಿಪ್ಪೇಸ್ವಾಮಿಗೆ ಕೊಟ್ಟರು. ಮುಂದಿನ ಕೆಲವು ವಾರಗಳಲ್ಲಿ ನಮ್ಮ ಕಾಲನಿಯಲ್ಲಿ ಗಮನಾರ್ಹವಾಗಿ ಸುಧಾರಿಸಿದ ಆರೋಗ್ಯ ಅವನೊಬ್ಬನದೇ.

ನಲಿನಿ ಅಳಲಿಲ್ಲ. ಬೂಟನ್ನು ಒರೆಸಿ ಕಪಾಟಿನಲ್ಲಿಟ್ಟು ಬಂದು ನನ್ನ ಪಕ್ಕ ಕೂತಳು.

"ಅಮ್ಮಾ, ನನಗೇನಾಗ್ಯದ?"

"ಏನೂ ಆಗಿಲ್ಲ."

"ಮತ್ತ ಯಾಕ ಆಡಬಾರದು?"

"ನಿಮ್ಮಪ್ಪ ಭಾಷಣ ಮಾಡ್ಯಾರ" ಎಂದೆ.

ನಮ್ಮವರು ಒಂದು ದಿನ ರಜೆ ಹಾಕಿ, ಬಸ್ಸು ಹಿಡಿದು ಹೈದರಾಬಾದಿನ ಕೋಠಿ ಪೇಟೆಗೆ ಹೋಗಿ, ಒಂದು ಸೀಟಿ, ಬಿಳಿ ಕ್ಯಾನ್ವಾಸ್ ಬೂಟು, ಬಿಳಿ ಪ್ಯಾಂಟು ತಂದರು. ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದ ಆಯಾಸಕ್ಕೆ ಸಂಜೆಯೆಲ್ಲ ಕಾಲಿಗೆ ಎಣ್ಣೆ ಹಚ್ಚಿಸಿಕೊಂಡರು. ಮರುದಿನ ಬೆಳಿಗ್ಗೆ ಕವಾಯತು ಆರಂಭವಾಯಿತು. ಮೊದಲು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಬೇಕು. ಆಮೇಲೆ ಕೈ ಚಾಚಿ ಅಂತರ ನೋಡಬೇಕು. ಅಂತರ ಸರಿಯಾದಾಗ ಎತ್ತರದ ಕ್ರಮ ತಪ್ಪಿರುತ್ತಿತ್ತು, ಎತ್ತರ ಸರಿಮಾಡಿದಾಗ ಅಂತರ ತಪ್ಪಿರುತ್ತಿತ್ತು. ಚನ್ನಬಸಪ್ಪ ಎಲ್ಲಿ ನಿಂತರೂ ಅಂತರ ತಪ್ಪುತ್ತಿತ್ತು. ನಮ್ಮವರು ಮಡಿಸುವ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಸೀಟಿಯಿಂದ ನಿಯಂತ್ರಿಸುತ್ತಿದ್ದರು. ಸಾವಧಾನ ಮುಗಿದು ವಿಶ್ರಾಮಕ್ಕೆ ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯುತ್ತಿತ್ತು. ಎಷ್ಟೋ ದಿನ ನಡೆದರೂ ಆ ಕವಾಯತು ವಿಶ್ರಾಮವನ್ನು ದಾಟಿ ಮುಂದೆ ಹೋಗಲಿಲ್ಲ.

ಸಂಜೆ ಬಯಲಿನಲ್ಲಿ ತಿಪ್ಪೇಸ್ವಾಮಿಯ ಕಾವಲು. ಮಕ್ಕಳು ಕಾಂಪೌಂಡಿನ ಗೋಡೆಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತಿರುತ್ತಿದ್ದರು. ಬರಬರುತ್ತ ರಾಘವೇಂದ್ರ ಕಿಟಕಿಗೆ ನೇತಾಡುವುದನ್ನೂ ಬಿಟ್ಟ. ಹುಡುಗ ಈಗ ಶಿಸ್ತು ಕಲಿತಿದ್ದಾನೆ ಎಂದರು ನಮ್ಮವರು.

ಪಂದ್ಯಾಟ ಹತ್ತಿರ ಬಂದ ಹಾಗೆ ನನಗೆ ಸುಮ್ಮನಿರಲಾಗಲಿಲ್ಲ. "ನೀವ ಹೋಗಿ, ತಪ್ಪಾಗ್ಯದ, ಮಕ್ಕಳು ಗಟ್ಟಿ ಇದ್ದಾವ ಅಂತ ಸಾಹೇಬರಿಗೆ ಹೇಳಿಬಿಡ್ರಿ. ಹುಡುಗಿ ಮಾರಿ ನೋಡ್ರಿ."

"ಹಾಂಗ ಹೇಳ್ಲಿಕ್ಕೆ ಬರೂದಿಲ್ಲ. ನಮ್ಮ ಸ್ಟೋರ್ಸಿನ್ಯಾಗ ಒಂದು ಸಾಮಾನು ಕೆಟ್ಟದ ಅಂತ ಒಮ್ಮೆ ಹೇಳಿದ ಮ್ಯಾಲೆ ಅದು ಕೆಟ್ಟದ. ಛಲೋ ಅದ ಅಂತ ಹೇಳ್ಲಿಕ್ಕೆ ಬ್ಯಾರೆಯವರು ಬೇಕು."

"ಆಕಿ ಸಾಮಾನಲ್ಲ, ನಿಮ್ಮ ಮಗಳು."

"ಅದಕ್ಕ ಹೇಳ್ತೀನಿ, ಆಸ್ಪತ್ರಿಗೆ ಕರಕೊಂಡು ಹೋಗು" ಎಂದರು.

ಆಸ್ಪತ್ರೆಗೆ ಹೋದೆವು. ಅತ್ತೆಯವರು ತಾವೂ ಬರುತ್ತೇನೆಂದು ಹೊರಟರು. ಅಲ್ಲಿ ನೋಡಿದರೆ ನಮ್ಮ ಸಾಲಿನ ಎಲ್ಲ ತಾಯಂದಿರೂ ಅದೇ ಆಲೋಚನೆಯಿಂದ ಬಂದಿದ್ದರು, ಎಲ್ಲ ಅಜ್ಜಿಯರೂ ಬೆನ್ನುಹತ್ತಿ ಬಂದಿದ್ದರು. ಡಾಕ್ಟರಮ್ಮ ತೆಲುಗಿನವರು. ನಲಿನಿಯ ಎದೆ ನೋಡಿದರು, ಕಣ್ಣು ನೋಡಿದರು, ನಾಲಿಗೆ ನೋಡಿದರು.

"ಪಾಪ ಬಾಗುಂದಿ. ಮಗು ಚೆನ್ನಾಗಿದೆ, ಏನೂ ತೊಂದರೆ ಇಲ್ಲ" ಎಂದರು.

ಹಿಂದೆ ಬೆಂಚಿನ ಮೇಲೆ ಸಾವಿತ್ರಿಬಾಯಿ ಕಿವಿ ನಿಮಿರಿಸಿ ಕೂತಿದ್ದರು. ನಮ್ಮ ಅತ್ತೆಗೆ ಮೈಮೇಲೆ ಬೆಂಕಿ ಬಿದ್ದ ಹಾಗಾಯಿತು.

"ಎಲ್ಲಿ ಬಾಗುಂದಿ ರೀ ಡಾಕ್ಟರಬಾಯಾರ. ಹಾಂಗ ಅನಬ್ಯಾಡ್ರಿ. ರಾತ್ರಿ ಎಲ್ಲಾ ಕೆಮ್ಮತಾಳ. ಕೈಕಾಲು ನಡಗತಾವ. ಹೊಟ್ಟಿಗೆ ಏನೂ ಹೋಗೂದಿಲ್ಲ."

"ಅಯ್ಯ, ಅದೇನು ದೊಡ್ಡದು. ನಮ್ಮ ರಾಘವೇಂದ್ರಗ ಕುಡಿದ ನೀರೂ ನಿಲ್ಲೂದಿಲ್ಲ" ಎಂದರು ಸಾವಿತ್ರಿಬಾಯಿ.

"ನಮ್ಮ ಚನ್ಯಾನ್ನ ನೋಡ್ರಿ, ಬರೀ ಎಲುಬು" ಎಂದರು ಶಿವದೇವಿ, ಬಂದ ಉದ್ದೇಶವನ್ನೇ ಮರೆತು. ಚನ್ನಬಸಪ್ಪ ಆಗತಾನೇ ತೂಕದ ಯಂತ್ರದಿಂದ ಇಳಿದಿದ್ದ, ಯಂತ್ರದ ಮುಳ್ಳು ಇನ್ನೂ ಅಲುಗುತ್ತಿತ್ತು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಹಿಂಡಿದರು. ಮನೆಯ ಹಿರಿಯರೇ ಇಷ್ಟು ದೂರು ಹೇಳುವಾಗ ಆಟಕ್ಕೆ ಕಳಿಸಿ ಏನಾದರೂ ಆದರೆ ಜವಾಬ್ದಾರಿ ತಮ್ಮದಾಗುತ್ತದೆ, ಏನೂ ತೊಂದರೆಯಿಲ್ಲವೆಂದು ಹಿರಿಯರು ತಮ್ಮ ಬಾಯಿಂದ ಹೇಳಿದರೆ ಈಗಲೇ ಬಿಡುತ್ತೇನೆ ಎಂದರು ಡಾಕ್ಟರಮ್ಮ.

"ಅಜ್ಜಿ, ಒಂದ ಸಲ ಹೇಳು. ನಾ ಗಟ್ಟಿ ಇದ್ದೀನಿ ಅಂತ ಹೇಳು" ಎಂದಳು ನಲಿನಿ.

"ಸುಮ್ಮನಿರು. ನಾಕು ಮಂದಿ ಮುಂದ ಅಂಥಾ ಮಾತು ಅನಬಾರದು" ಎಂದರು ಅತ್ತೆ.

ಡಾಕ್ಟರಮ್ಮ ಎಲ್ಲ ಮಕ್ಕಳಿಗೂ ಟಾನಿಕ್ಕು ಮತ್ತು ಸಂಪೂರ್ಣ ವಿಶ್ರಾಂತಿ ಬರೆದುಕೊಟ್ಟರು. ಅತ್ತೆ, ಸಾವಿತ್ರಿಬಾಯಿಯ ಕಣ್ಣಿನಿಂದ ಹುಡುಗಿಯನ್ನು ಪಾರುಮಾಡಿದೆನೆಂದು ಮನೆಗೆ ಬಂದ ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಪಂದ್ಯಾಟದ ಭಾನುವಾರ ಕಾರ್ಖಾನೆಯ ಬಸ್ಸು ಪುಕ್ಕಟೆಯಾಗಿ ಪಟಾನ್‌ಚೆರುವಿಗೆ ಹೊರಟಿತು. ಪುಕ್ಕಟೆ ಬಸ್ಸೆಂದ ಮೇಲೆ ಅಜ್ಜಿಯರೆಲ್ಲರೂ ಹೊರಟರು. ನಿಶ್ಶಕ್ತ ಮಕ್ಕಳೂ ನೋಡಿ ಸಂತೋಷಪಡಲೆಂದು ಪ್ರಭಾಕರರಾವು ಅವರನ್ನು ಶಾಮಿಯಾನದ ನೆರಳಲ್ಲಿ, ಕುತ್ತಿಗೆಗೆ ಮಫ್ಲರ್ ಸುತ್ತಿ ಕೂಡಿಸಿದ್ದರು. ನಲಿನಿ ತನ್ನ ಬೂಟು ಹಾಕಿಕೊಂಡೇ ಬಂದಿದ್ದಳು. ನಮ್ಮವರು ಬಿಳಿ ಪ್ಯಾಂಟಿನಲ್ಲಿ, ಕೊರಳಿಗೆ ಸೀಟಿ ತೂಗಿಸಿಕೊಂಡು, ವೇದಿಕೆಯ ಮೇಲೆ ಸಾಹೇಬರ ಪಕ್ಕದಲ್ಲಿದ್ದರು.

ಆಟ ಆರಂಭವಾಯಿತು. ನಮ್ಮ ಕಡೆಯಿಂದ ಬಂಗಲೆಗಳ ಮಕ್ಕಳು, ಎದುರಿಗೆ ಪಟಾನ್‌ಚೆರುವಿನ ಇನ್ನೊಂದು ಕಾರ್ಖಾನೆಯವರು. ಬಂಗಲೆಯ ಮಕ್ಕಳಿಗೆ ಖೋ ಖೋ ಎಂದರೆ ಏನೆಂದು ಬಸ್ಸಿನಲ್ಲಿ ಹೇಳಿಕೊಟ್ಟಿದ್ದರು. ಒಬ್ಬೊಬ್ಬರಾಗಿ ಔಟಾಗಿ ಬಂದು ನೀರು ಕುಡಿಯತೊಡಗಿದರು. ಅವರನ್ನು ಅಟ್ಟಿಸಿಕೊಂಡು ಮುಟ್ಟುತ್ತಿದ್ದವಳು ವನಜಾ ಎಂಬ ಹುಡುಗಿ. ಅವಳ ಅಜ್ಜಿ ತುಳಸಾಬಾಯಿ ನಮ್ಮ ಅತ್ತೆಯ ತವರೂರಿನವರೇ. ಕಂಡ ಕೂಡಲೇ ಬಂದು ಪಕ್ಕದಲ್ಲಿ ಕೂತರು.

"ಏನ್ ಅಂಬಕ್ಕಾ, ಎಷ್ಟು ದಿನಾ ಆತು ಕಂಡು. ಅಲ್ಲಿ ಓಡ್ಲಿಕ್ಕತ್ತದಲ್ಲ, ಅದ ನಮ್ಮ ವನಜಾ. ಏನೂ ಶಕ್ತಿ ಇಲ್ಲವಾ, ಹಾಂಗ ಏನೋ ಕಾಲು ಎಳಕೊಂಡು ಓಡ್ತದ."

ಕಾಲೆಳೆದುಕೊಂಡು ಓಡುತ್ತಿದ್ದವಳು ಆ ಹೊತ್ತಿಗೆ ಮೈದಾನದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬಾಣದ ಹಾಗೆ ಹೋಗಿದ್ದಳು.

"ನಮ್ಮ ನಲಿನಿನೂ ಹಾಂಗ ನೋಡವಾ. ಭಾಳ ನಿಶ್ಶಕ್ತಿ" ಎಂದರು ಅತ್ತೆ, ಪದ್ಧತಿಯ ಪ್ರಕಾರ.

ಈಗ ತುಳಸಾಬಾಯಿ ಅಯ್ಯ ಹೋಗ, ಎಲ್ಲಾ ಸುಳ್ಳು ಎನ್ನಬೇಕಾಗಿತ್ತು. ಎನ್ನಲಿಲ್ಲ. ಮಫ್ಲರ್ ಸುತ್ತಿಕೊಂಡು ಕೂತ ನಲಿನಿಯನ್ನು ಮೇಲಿಂದ ಕೆಳಗೆ ನೋಡಿ, ಕಣ್ಣಲ್ಲಿ ನೀರು ತಂದುಕೊಂಡರು.

"ಹೌದವಾ, ಬಸ್ಸಿನಿಂದ ಇಳದಾಗ ಆ ವೆಲ್ಫೇರಿನವರು ಹೇಳಿದ್ರು. ನಿಮ್ಮಕಿ ನಮ್ಮಕಿ ಹಂಗಲ್ಲ, ಖರೇನ ನಿಶ್ಶಕ್ತಿ ಅಂತಲ್ಲ. ಪಾಪ. ಕಾಲಾಗ ಏನರೆ ದೋಷ ಅದ ಏನು? ಹೆಣ್ಣು ಕೂಸು, ಮುಂದ ಹ್ಯಾಂಗವಾ?"

ಅತ್ತೆಯ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅಷ್ಟು ವರ್ಷಗಳಲ್ಲಿ, ಈ ಪದ್ಧತಿ ಬಲ್ಲ ಹೊರಗಿನವರಲ್ಲಿ, ಅವರು ಹೇಳಿದ್ದನ್ನು ನಿಜವೆಂದು ನಂಬಿದವರು ಇವರೇ ಮೊದಲು. ಅವರು ಎದ್ದು ನಿಂತರು.

"ಖರೇನ? ಯಾರಿಗ, ನಮ್ಮ ನಲಿನಿಗ?" ಮೈಕಿನ ಸಹಾಯವಿಲ್ಲದೆ ಆ ದನಿ ಮೈದಾನದ ಆಚೆ ಬದಿಗೆ ಮುಟ್ಟಿತು, ಆಡುತ್ತಿದ್ದವರು ನಿಂತರು. "ಕೂತ ಕೂತಲ್ಲೆ ನಾಕು ರೊಟ್ಟಿ ತಿಂತಾಳ ಆಕಿ. ಆಳೆತ್ತರದ ಗ್ವಾಡಿ ಹಾರ್ತಾಳ. ಎಮ್ಮಿ ಬೆನ್ನು ಹತ್ತಿದ್ರ ಎಮ್ಮಿ ದಣೀತದ, ಆಕಿ ದಣಿಯೂದಿಲ್ಲ. ನಿಮ್ಮ ವನಜಾನಂಥಾ ನಾಕು ಮಂದೀನ ಹಿಡದು ಕೂಡಸ್ತಾಳ. ನಮ್ಮ ಮನ್ಯಾಗ ನಿಶ್ಶಕ್ತಿ ಇದ್ದದ್ದು ಒಂದ, ಅಲ್ಲಿ ಬಿಳೀ ಪ್ಯಾಂಟ್ ಹಾಕ್ಕೊಂಡು ಕೂತಾನಲ್ಲ, ನನ್ನ ಮಗ, ಅವನ ತಲಿ."

ವೇದಿಕೆಯ ಮೇಲೆ ಜಿ.ಎಂ. ಸಾಹೇಬರು ನಮ್ಮವರ ಕಡೆ ತಿರುಗಿ, ಮಾತಾಜಿ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಮ್ಮವರು ಎದ್ದರು, ಗಂಟಲು ಸರಿಮಾಡಿಕೊಂಡರು. ಇಡೀ ಜೀವನದಲ್ಲಿ ಅವರು ಅಷ್ಟು ಬೇಗ ಯೋಚಿಸಿದ್ದನ್ನು ನಾನು ಆಮೇಲೂ ಕಂಡಿಲ್ಲ.

"ಸರ್, ಅವರು ನಮ್ಮ ತಾಯಿ. ಈ ಕೆಲವೇ ವಾರಗಳ ಕವಾಯತಿನಿಂದ ಮಗು ಪೂರ್ತಿ ಗುಣವಾಗಿದೆ, ನಾಲ್ಕು ರೊಟ್ಟಿ ತಿನ್ನುತ್ತದೆ, ಗೋಡೆ ಹಾರುತ್ತದೆ ಎನ್ನುತ್ತಿದ್ದಾರೆ. ಆಡಲು ತಮ್ಮ ಅಪ್ಪಣೆ ಬೇಡುತ್ತಿದ್ದಾರೆ" ಎಂದು ಹಿಂದಿಯಲ್ಲಿ ಹೇಳಿದರು.

ಸಾಹೇಬರು ಕುರ್ಚಿಯಿಂದ ಹಾರಿ ಎದ್ದರು. ಆಟದ ನಡುವೆ ಇಡೀ ತಂಡವನ್ನು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದು ಪಂಚರು ಹೇಳಲು ಬಂದರು. ಆ ನಿಯಮ ಮಾಡಿದವರು ಯಾರೂ ನಮ್ಮ ಜಿ.ಎಂ. ಸಾಹೇಬರನ್ನು ಕಂಡಿರಲಾರರು. ಎರಡೂ ಕಾರ್ಖಾನೆಗಳ ಸಾಹೇಬರು ಪಕ್ಕಪಕ್ಕದಲ್ಲಿ ಕೂತಿದ್ದರು, ಮೊದಲಿನಿಂದ ಆಡಲಿ ಎಂದರು, ಆಯಿತು.

ಮಫ್ಲರುಗಳು ಮಣ್ಣಿಗೆ ಬಿದ್ದವು. ಗೋಡೆಯ ಮೇಲೆ ಕೂತು ಕೂತು ಕಾಲು ಜೋಮು ಹಿಡಿದಿದ್ದ ಮಕ್ಕಳು ಬಯಲಿಗೆ ಬಿಟ್ಟ ಕರುಗಳಾದರು. ಚನ್ನಬಸಪ್ಪ ಒಂದು ಸಲ ಎಡವಿ ಬಿದ್ದು, ಬಿದ್ದ ಜಾಗದಲ್ಲಿ ಎದುರಿನವರ ಒಬ್ಬನನ್ನು ಮುಟ್ಟಿಯೇ ಬಿದ್ದಿದ್ದರಿಂದ ಅದೂ ನಮಗೇ ಸೇರಿತು. ನಲಿನಿ ಓಡುವ ಸರದಿ ಬಂದಾಗ ವನಜಾ ಅವಳ ಬೆನ್ನು ಬಿಡಲಿಲ್ಲ. ಕೈ ಜಡೆಯವರೆಗೆ ಬರುತ್ತಿತ್ತು, ಜಡೆ ಅಲ್ಲಿರುತ್ತಿರಲಿಲ್ಲ. ನಾನು ಅರ್ಧ ಆಟವನ್ನು ಕಣ್ಣು ಮುಚ್ಚಿಕೊಂಡೇ ನೋಡಿದೆ. ಹೊತ್ತು ಮುಗಿದ ಸೀಟಿ ಹೊಡೆದಾಗಲೂ ಅವಳು ಔಟಾಗಿರಲಿಲ್ಲ. ಗೆದ್ದವರಿಗೆ ಕೊಡುವ ಢಾಲು ನಮಗೆ ಬಂತು.

ಆದರೆ ಹಾರ ನಮ್ಮವರ ಕೊರಳಿಗೆ ಬಿತ್ತು. ಇದೇ ಮಕ್ಕಳು ಕಳೆದ ತಿಂಗಳು ಎದ್ದು ನಿಲ್ಲಲಾರದೆ ಇದ್ದರು, ಇವತ್ತು ಇವರನ್ನು ನೋಡಿ, ಇದು ಹನುಮಂತರಾಯರ ಪವಾಡ ಎಂದರು ಸಾಹೇಬರು. ನಾಳೆಯಿಂದ ಕಾಲನಿಯ ಎಲ್ಲ ಮಕ್ಕಳಿಗೂ ಕವಾಯತು, ಬೆಳಿಗ್ಗೆ ಮಾತ್ರವಲ್ಲ, ಸಂಜೆಯೂ, ಅದೇ ಬಯಲಿನಲ್ಲಿ, ಹನುಮಂತರಾಯರ ಮುಖ್ಯಸ್ಥಿಕೆಯಲ್ಲಿ ಎಂದು ಘೋಷಿಸಿದರು. ದೊಡ್ಡವರೆಲ್ಲ ಚಪ್ಪಾಳೆ ಹೊಡೆದರು. ಢಾಲು ಹಿಡಿದ ನಲಿನಿಯ ಕೈ ಕೆಳಗಿಳಿಯಿತು. ಸಂಜೆಯೂ ಸಾವಧಾನ ವಿಶ್ರಾಮವಾದರೆ ಆಡುವುದು ಯಾವಾಗ ಎಂದು ಲೆಕ್ಕ ಹಾಕುವಷ್ಟು ಬುದ್ಧಿ ಹತ್ತು ವರ್ಷಕ್ಕೆ ಬಂದಿರುತ್ತದೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಸಾಹೇಬರು ವೇದಿಕೆಯಿಂದಿಳಿದು ನೇರವಾಗಿ ನಮ್ಮ ಅತ್ತೆಯ ಬಳಿಗೆ ಬಂದರು, ಕೈಮುಗಿದರು.

"ಮಾತಾಜಿ, ಆಪ್ಕಾ ಬೇಟಾ ಶೇರ್ ಹೈ, ಶೇರ್" ಎಂದರು. ಇಂಥ ಹುಲಿಯಂಥ ಗಟ್ಟಿ ಮನುಷ್ಯನನ್ನು, ಇಂಥ ಉತ್ಸಾಹವನ್ನು ತಮ್ಮ ಕಾರ್ಖಾನೆಯಲ್ಲಿಯೇ ಕಂಡಿಲ್ಲ ಎಂದರು.

ಅತ್ತೆಯ ಬಣ್ಣ ಇಳಿಯಿತು. ಸುತ್ತ ತುಳಸಾಬಾಯಿ, ಸಾವಿತ್ರಿಬಾಯಿ, ಇಡೀ ಪಟಾನ್‌ಚೆರು. ಸಿಟ್ಟಿನ ಭರದಲ್ಲಿ ಮೊಮ್ಮಗಳನ್ನಂತೂ ಹೊಗಳಿಬಿಟ್ಟಿದ್ದರು, ಈಗ ಒಬ್ಬನೇ ಮಗನ ಮೇಲೂ ಎಲ್ಲರ ಕಣ್ಣು.

"ಎಲ್ಲಿ ಶೇರ್ ರೀ ಸಾಹೇಬರ" ಎಂದು ಅತ್ತೆ ಎರಡೂ ಕೈ ಅಡ್ಡ ಹಿಡಿದರು. "ಏನೂ ಶಕ್ತಿ ಇಲ್ಲ ಅದಕ್ಕ. ಎದಿ ಧಡಧಡ ಅಂತದ. ಎರಡು ಪಾವಟಿಗಿ ಹತ್ತಿದ್ರ ಉಸಿರು ಮ್ಯಾಲೆ. ರಾತ್ರಿ ನಿದ್ದಿ ಇಲ್ಲ, ಹೊಟ್ಟಿಗೆ ಅನ್ನ ಇಲ್ಲ. ಸೀಟಿ ಊದಿ ಊದಿ ಇನ್ನಷ್ಟು ಸೊರಗ್ಯದ. ಎಷ್ಟು ದಿನಾ ಇರ್ತದೋ ಏನೋ."

ಸಾಹೇಬರಿಗೆ ಕನ್ನಡ ತಿಳಿಯಲಿಲ್ಲ, ಧ್ವನಿ ತಿಳಿಯಿತು. ಏನಂತೆ ಎಂದು ಗಾಬರಿಯಿಂದ ಸುತ್ತ ನೋಡಿದರು. ನಮ್ಮವರು ದೂರದಲ್ಲಿ ಹಾರ ಸರಿಮಾಡಿಕೊಳ್ಳುತ್ತ ಫೋಟೋದವನ ಎದುರು ನಿಂತಿದ್ದರು. ಹತ್ತಿರದಲ್ಲಿ ಎರಡೂ ಭಾಷೆ ಪೂರ್ತಿಯಾಗಿ ಬಲ್ಲವಳು ನಾನೊಬ್ಬಳೇ.

ನಾನು ಹಿಂದಿಯನ್ನು ಕಾಲೇಜಿನಲ್ಲಿ ಓದಿದವಳು. ಅತ್ತೆಯವರ ಮಾತನ್ನು ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಹೇಳಿದೆ.

ಇಂಥ ಹೃದಯ ಇಟ್ಟುಕೊಂಡು ಈ ಮನುಷ್ಯ ಮಕ್ಕಳಿಗಾಗಿ ಪ್ರಾಣ ತೇಯುತ್ತಿದ್ದನೆ, ಒಂದು ಮಾತೂ ಹೇಳಲಿಲ್ಲವಲ್ಲ ಎಂದರು ಸಾಹೇಬರು. ಮತ್ತೆ ಕನ್ನಡಕ ಒರೆಸಿಕೊಂಡರು. ಇವತ್ತಿನಿಂದಲೇ ಕವಾಯತು ಬಂದ್, ಹನುಮಂತರಾಯರು ಗುಣವಾಗುವವರೆಗೂ ಬಂದ್, ಅವರ ಜಾಗಕ್ಕೆ ಬೇರೆ ಯಾರನ್ನು ತಂದರೂ ಅದು ಅವರಿಗೆ ಅಪಮಾನ ಎಂದು ಪ್ರಭಾಕರರಾವಿಗೆ ಹೇಳಿದರು. ಕವಾಯತಿಗೆ ತಮ್ಮನ್ನೇ ಹಾಕಿಯಾರೆಂದು ಆಗಲೇ ಕುಂಟುತ್ತ ದೂರ ಸರಿಯುತ್ತಿದ್ದ ಪ್ರಭಾಕರರಾವು ನೆಟ್ಟಗೆ ನಡೆಯುತ್ತ ವಾಪಸು ಬಂದು, ಆಗಲಿ ಸರ್ ಎಂದರು. ಅಲ್ಲಿಯವರೆಗೆ ಮಕ್ಕಳು ಹೇಗೋ ಆಡಿಕೊಂಡಿರಲಿ ಎಂದರು ಸಾಹೇಬರು, ನಿರುಪಾಯರಾಗಿ.

ಸೋಮವಾರ ನಮ್ಮವರು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ನೋಡಿ, ಬಾಗುಂದಿ, ಆದರೆ ಮನೆಯ ಹಿರಿಯರು ಬಂದು ಒಂದು ಮಾತು ಹೇಳಲಿ ಎಂದರು. ನಮ್ಮವರು ಮನೆಗೆ ಬಂದು ತಾಯಿಯ ಎದುರು ಕೂತರು.

"ಅವ್ವಾ, ನಾ ಗಟ್ಟಿ ಇದ್ದೀನಿ ಅಂತ ಒಂದ ಮಾತು ಹೇಳಿ ಬಾ."

"ನಾಕು ಮಂದಿ ಮುಂದ? ನನ್ನ ಬಾಯಿಲೆ?" ಎಂದರು ಅತ್ತೆ. "ನಿನ್ನ ತಲಿ ನೆಟ್ಟಗದ ಏನು?"

ಅಂದಿನಿಂದ ನಮ್ಮವರು ಸಂಪೂರ್ಣ ವಿಶ್ರಾಂತಿಯಲ್ಲಿದ್ದರು. ಸಂಜೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಯಲಿನ ಕಡೆ ನೋಡಿ, ಎತ್ತರವಿಲ್ಲ, ಅಂತರವಿಲ್ಲ, ಇದೆಂಥ ಓಟ ಎಂದು ಮರುಗುತ್ತಿದ್ದರು. ಮಕ್ಕಳು ಓಡುತ್ತಲೇ ಇರುತ್ತಿದ್ದರು. ಅವರನ್ನು ಈಗ ಯಾರೂ ಪ್ರೋತ್ಸಾಹಿಸುತ್ತಿರಲಿಲ್ಲ.